ಅರ್ಜಿ ಅಕ್ಕನ ಕೌಂಟರು

ಎಲ್ಲರಿಗೂ ನಮಸ್ಕಾರ.

ವೇದಿಕೆಯ ಮೇಲಿರುವ ನಮ್ಮ ಮುಖ್ಯ ಗ್ರಂಥಪಾಲಕರೇ, ಮುಂದಿನ ಸಾಲಿನಲ್ಲಿ ಕೂತಿರುವ ಭಾವ, ಭಾವನ ಪಕ್ಕದಲ್ಲಿರುವ ಮಗಳೇ, ಅಕ್ಕನ ತಂಗಿಯರೇ, ನಮ್ಮ ಸಿಬ್ಬಂದಿ ಬಂಧುಗಳೇ, ಓದುಗರೇ — ಇಷ್ಟು ಜನ ಬಂದಿದ್ದೀರಿ. ಓದುವ ಕೋಣೆಯ ಕುರ್ಚಿಗಳನ್ನೆಲ್ಲ ಇಲ್ಲಿಗೆ ತಂದು ಹಾಕಿದ್ದೇವೆ, ಆದರೂ ಹಿಂದೆ ಕಪಾಟುಗಳ ನಡುವೆ ಜನ ನಿಂತಿದ್ದಾರೆ. ದಯವಿಟ್ಟು ಕಪಾಟಿಗೆ ಒರಗಬೇಡಿ. ಇವತ್ತೊಂದು ದಿನವಾದರೂ ಈ ಮಾತು ಹೇಳಬಾರದು ಅಂದುಕೊಂಡಿದ್ದೆ. ಅಭ್ಯಾಸ ನೋಡಿ, ಬಾಯಿಗೆ ಬಂದುಬಿಟ್ಟಿತು.

ನಾನು ಪತ್ರಿಕಾ ವಿಭಾಗದವಳು. ಅಕ್ಕ ನನ್ನನ್ನು ಕರೆಯುತ್ತಿದ್ದದ್ದು ಪೇಪರಮ್ಮ ಅಂತ. ಅಕ್ಕನ ಸದಸ್ಯತ್ವ ಕೌಂಟರಿಗೂ ನನ್ನ ಮೇಜಿಗೂ ನಡುವೆ ಇದ್ದದ್ದು ಒಂದು ಗಾಜಿನ ತಡಿಕೆ, ಒಂದು ಫ್ಯಾನು. ಆ ಫ್ಯಾನಿನ ವಿಷಯಕ್ಕೆ ನಾವಿಬ್ಬರೂ ಆಡಿದ ಜಗಳ ಈ ಕಟ್ಟಡದ ಇಟ್ಟಿಗೆಗಳಿಗೂ ಗೊತ್ತು. ಅವರಿಗೆ ಗಾಳಿ ಬೇಕು, ನನ್ನ ಪೇಪರುಗಳಿಗೆ ಗಾಳಿ ಆಗದು. ಈಗ ಫ್ಯಾನು ಪೂರ್ತಿ ನನ್ನದೇ. ಅದನ್ನು ಹಾಕಬೇಕು ಅಂತಲೇ ಅನ್ನಿಸುತ್ತಿಲ್ಲ.

ನನಗಿಂತ ಮೊದಲು ಮಾತಾಡಿದ ಹಿರಿಯರು ಅಕ್ಕನನ್ನು ಸ್ನೇಹಮಯಿ ಅಂದರು, ಶಾಂತಸ್ವಭಾವದವರು ಅಂದರು, ಮೃದುಭಾಷಿ ಅಂದರು. ಹಿರಿಯರು ಕ್ಷಮಿಸಬೇಕು. ಸ್ನೇಹಮಯಿ — ಒಪ್ಪಿದೆ. ಉಳಿದೆರಡು ಬೇರೆ ಯಾರದೋ ಗುಣಗಳು, ದಾರಿ ತಪ್ಪಿ ಇಲ್ಲಿಗೆ ಬಂದಿವೆ. ಅಕ್ಕ ಆ ಕೌಂಟರಿನಲ್ಲಿ ಕೂತು ‘ಮುಂದಿನವರು’ ಅಂದರೆ, ಇತ್ತ ನನ್ನ ವಿಭಾಗದಲ್ಲಿ ಪೇಪರು ಮುಖದ ಮೇಲೆ ಹಾಕಿಕೊಂಡು ತೂಕಡಿಸುತ್ತಿದ್ದವರು ಎದ್ದು ಸಾಲಿನಲ್ಲಿ ನಿಂತುಬಿಡುತ್ತಿದ್ದರು. ಗೋಡೆಯ ಮೇಲೆ ‘ನಿಶ್ಶಬ್ದ’ ಅನ್ನುವ ಬೋರ್ಡು, ಬೋರ್ಡಿನ ಕೆಳಗೇ ಅಕ್ಕ. ಆ ಬೋರ್ಡಿಗೆ ಅಷ್ಟು ಅವಮಾನ ಮಾಡಿದವರು ಇನ್ನೊಬ್ಬರಿಲ್ಲ.

ನಿಮಗೆಲ್ಲ ಅವರು ಅರ್ಜಿ ಅಕ್ಕ. ಆ ಹೆಸರಿಟ್ಟವರು ಓದುಗರೇ, ನಾವಲ್ಲ. ಏನು ಕೇಳಿದರೂ ಮೊದಲು ‘ಅರ್ಜಿ ಎಲ್ಲಿ?’ ಪುಸ್ತಕ ಬೇಕೇ, ಅರ್ಜಿ. ಕಾರ್ಡು ಕಳೆದುಹೋಯಿತೇ, ಅರ್ಜಿ. ಕುಡಿಯುವ ನೀರು ಎಲ್ಲಿದೆ ಅಂತ ಕೇಳಿದವರಿಗೂ ಒಂದು ಸಲ ಅರ್ಜಿ ನಮೂನೆ ಕೈಗಿಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನು ಫೋಟೋ — ಈಗ ನಗುತ್ತಿದ್ದೀರಲ್ಲ, ಅವರೆಲ್ಲ ಆ ಕೌಂಟರಿನಿಂದ ವಾಪಸ್ ಹೋದವರೇ. ‘ಎರಡೂ ಕಿವಿ ಕಾಣಬೇಕು. ಒಂದು ಕಿವಿ ಕಾಣ್ತಾ ಇದೆ. ಇನ್ನೊಂದು ಕಿವೀನ ಮನೇಲಿ ಬಿಟ್ಟು ಬಂದ್ರಾ?’

ಭಾವ, ನಿಮ್ಮ ವಿಷಯ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಭಾವ ಬಸ್ಸು ಓಡಿಸುತ್ತಿದ್ದವರು. ಒಂದು ದಿನ ಯೂನಿಫಾರಂನಲ್ಲೇ ಬಂದು ಸಾಲಿನಲ್ಲಿ ನಿಂತರು, ತಮಗೂ ಸದಸ್ಯತ್ವ ಬೇಕು ಅಂತ. ಅರ್ಜಿ ತುಂಬಿದರು. ಜಾಮೀನುದಾರರ ಜಾಗದಲ್ಲಿ ಹೆಂಡತಿಯ ಹೆಸರನ್ನೇ ಬರೆದರು. ಅಕ್ಕ ಓದಿ, ಅರ್ಜಿಯನ್ನು ಹಾಗೇ ತಿರುಗಿಸಿ ಮುಂದಕ್ಕೆ ತಳ್ಳಿದರು.

‘ನಾನು ಜಾಮೀನು ನಿಲ್ಲಲ್ಲ.’

‘ಯಾಕೆ?’ ಅಂದರು ಭಾವ.

‘ನೀವು ತಗೊಂಡ ವಸ್ತು ಯಾವುದೂ ಇದ್ದ ಜಾಗಕ್ಕೆ ವಾಪಸ್ ಬರಲ್ಲ. ಮನೇಲಿ ನೋಡ್ತಾ ಇದ್ದೀನಿ. ಮುಂದಿನವರು.’

ಭಾವ ಕೊನೆಗೆ ತಮ್ಮ ಕಂಡಕ್ಟರ್ ಹತ್ತಿರ ಸಹಿ ಹಾಕಿಸಿಕೊಂಡು ಬಂದು ಸದಸ್ಯರಾದರು. ಹೌದು ತಾನೆ ಭಾವ?... ನೋಡಿ, ಹೌದು ಅನ್ನುತ್ತಿದ್ದಾರೆ.

ಅಂಥ ದನಿ — ಅದು ಹೋಯಿತು.

ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ ಅನ್ನುತ್ತಿದ್ದರು. ಧೂಳು ಅಂದುಕೊಂಡೆವು, ನಮ್ಮ ಕೆಲಸದಲ್ಲಿ ಎಲ್ಲದಕ್ಕೂ ಧೂಳೇ ಕಾರಣ. ಆಸ್ಪತ್ರೆಯವರು ಬೇರೆಯೇ ಹೇಳಿದರು. ಆಪರೇಷನ್ ಆಯಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಅಂದರು, ತೆಗೆದರು. ರಜೆ ಮುಗಿಸಿ ಅಕ್ಕ ವಾಪಸ್ ಬಂದ ಬೆಳಗ್ಗೆ ಕತ್ತಿಗೊಂದು ಹಸಿರು ಸ್ಕಾರ್ಫ್ ಸುತ್ತಿಕೊಂಡಿದ್ದರು, ಕೈಯಲ್ಲಿ ಮಕ್ಕಳ ಸ್ಲೇಟು. ಎಂದಿನ ಹಾಗೆ ಮೇಜು ಒರೆಸಿದರು, ರಬ್ಬರ್ ಸ್ಟಾಂಪಿನ ದಿನಾಂಕ ತಿರುಗಿಸಿದರು, ಕೂತರು. ಸಾಲಿನಲ್ಲಿದ್ದ ಮೊದಲನೆಯವರನ್ನು ನೋಡಿ ಬಾಯಿ ತೆರೆದರು. ಏನೂ ಬರಲಿಲ್ಲ. ನನ್ನ ವಿಭಾಗದಲ್ಲಿ ಯಾರಿಗೂ ಎಚ್ಚರವಾಗಲಿಲ್ಲ. ನಾನು ಎದ್ದು ಹೊರಗೆ ಹೋಗಿ ಅತ್ತು ಬಂದೆ. ಇದನ್ನು ಯಾಕೆ ಮುಚ್ಚಿಡಲಿ?

ಆ ವಾರವೇ ನಮ್ಮ ಮುಖ್ಯ ಗ್ರಂಥಪಾಲಕ ಸಾಹೇಬರು ಅಕ್ಕನನ್ನು ಕೋಣೆಗೆ ಕರೆಸಿದರು. ಸಾಹೇಬರೇ, ನೀವು ಇಲ್ಲೇ ಕೂತಿದ್ದೀರಿ, ಇದನ್ನು ಹೇಳಲು ನೀವೇ ಒಪ್ಪಿಗೆ ಕೊಟ್ಟಿದ್ದೀರಿ. ಸಾಹೇಬರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಕೌಂಟರಿನ ಕೆಲಸ ಹೇಗೆ ನಡೆಯುತ್ತೆ ಅಂತ ಮೇಲಿನ ಕಚೇರಿಯವರು ಅವರನ್ನು ಕೇಳುತ್ತಿದ್ದರು. ‘ನೋಡಿ ಅಮ್ಮ,’ ಅಂದರು, ‘ಕೌಂಟರ್ ಅಂದ್ರೆ ದಿನವಿಡೀ ಜನ ಪ್ರಶ್ನೆ ಕೇಳ್ತಾನೇ ಇರ್ತಾರೆ. ನಿಮಗೆ ಉತ್ತರ ಹೇಳೋಕಾಗಲ್ಲ. ಹಿಂದಿನ ಕೋಣೇಲಿ ಹರಿದ ಪುಸ್ತಕಗಳನ್ನ ನೋಡ್ಕೊಂಡು ಆರಾಮಾಗಿರಿ. ಅದೂ ಬೇಡ ಅಂದ್ರೆ ಬೇಗ ನಿವೃತ್ತಿ ತಗೊಳ್ಳಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ.’

ಅಕ್ಕ ಸ್ಲೇಟಿನ ಮೇಲೆ ಬರೆದರು, ಒರೆಸಿದರು, ಮತ್ತೆ ಬರೆದು ಎತ್ತಿ ಹಿಡಿದರು. ಬಾಗಿಲ ಹತ್ತಿರ ಫೈಲು ಹಿಡಿದು ನಿಂತಿದ್ದ ನನಗೂ ಕಾಣಿಸಿತು. ಬರೆದದ್ದು ಇಷ್ಟು: ‘ನಿಶ್ಶಬ್ದ ಅಂತ ಬೋರ್ಡು ಹಾಕಿ, ಮಾತು ಬರದವಳನ್ನ ಎಬ್ಬಿಸಿ ಕಳಿಸ್ತೀರಾ?’

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ‘ವಾರ್ಷಿಕ ತಪಾಸಣೆವರೆಗೂ ನೋಡೋಣ’ ಅಂದರು. ತಪಾಸಣೆಗೆ ಬರುವವರು ಕೌಂಟರಿನ ಕೆಲಸ ನಡೆಯುತ್ತಿದೆ ಅಂದರೆ ಅಕ್ಕನಿಗೆ ಆ ಕುರ್ಚಿ. ಇಲ್ಲವಾದರೆ ಹಿಂದಿನ ಕೋಣೆ.

ಒಂದು ಕುರ್ಚಿಗೆ ಇಷ್ಟೊಂದು ಯಾಕೆ ಅಂತ ನೀವು ಕೇಳಬಹುದು. ಹಿಂದಿನ ಕೋಣೆಯಲ್ಲಿ ಸಂಬಳ ಅದೇ, ಕೆಲಸ ಕಡಿಮೆ. ಆದರೆ ಅಲ್ಲಿಗೆ ಜನ ಬರುವುದಿಲ್ಲ. ಅಕ್ಕನಿಗೆ ಪುಸ್ತಕಕ್ಕಿಂತ ಜನ ಇಷ್ಟ. ಗ್ರಂಥಾಲಯದಲ್ಲಿ ನಿಂತು ಈ ಮಾತು ಹೇಳಬಾರದೇನೋ, ಆದರೆ ಅದು ನಿಜ. ಯಾರು ಬಂದರು, ಯಾವ ಬೀದಿಯವರು, ಯಾಕೆ ಆ ಪುಸ್ತಕವೇ ಬೇಕು — ಇದನ್ನೆಲ್ಲ ತಿಳಿದುಕೊಳ್ಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಜನರಿಲ್ಲದ ಕೋಣೆಯಲ್ಲಿ ಅಕ್ಕ ಒಂದು ವರ್ಷವೂ ಬಾಳುತ್ತಿರಲಿಲ್ಲ. ಇದು ನಮಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಹೊಸ ಆದೇಶ ಬಂದದ್ದು ಅದೇ ಹೊತ್ತಿಗೆ. ಎಲ್ಲ ಗ್ರಂಥಾಲಯಗಳೂ ಸಾಮಾಜಿಕ ಜಾಲತಾಣದಲ್ಲಿ ಖಾತೆ ತೆರೆಯಬೇಕು, ಓದುಗರ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಕೊಡಬೇಕು. ತರಬೇತಿ ಕೊಡಲು ಕೇಂದ್ರ ಕಚೇರಿಯಿಂದ ಒಬ್ಬ ಮೇಡಂ ಬಂದರು. ಒಳ್ಳೆಯವರು, ಆದರೆ ಅವರ ಬಾಯಲ್ಲಿ ಒಂದೇ ಪದ — ‘ಸಿಂಪಲ್.’ ಮೌಸ್ ಹಿಡಿದು ಆ ಕಡೆ ಒಂದು, ಈ ಕಡೆ ಒಂದು, ಪುಟ ತೆರೆಯಿತು, ಮುಚ್ಚಿತು, ಸಿಂಪಲ್. ‘ಅರ್ಥ ಆಯ್ತಾ?’ ಅಂದರು. ನಾವೆಲ್ಲ ಒಟ್ಟಿಗೆ ‘ಆಯ್ತು ಮೇಡಂ’ ಅಂದೆವು. ಏನೂ ಅರ್ಥವಾಗದಿದ್ದಾಗ ನಾವು ಇಷ್ಟು ಒಗ್ಗಟ್ಟಾಗಿ ಮಾತಾಡುತ್ತೇವೆ.

ಮೇಡಂ ಹೋದ ಮೇಲೆ ಸಾಹೇಬರು ಕೇಳಿದರು, ‘ಇದನ್ನ ಯಾರು ನೋಡ್ಕೋತೀರಿ?’ ನಾನು ಪೇಪರು ಮಡಿಸತೊಡಗಿದೆ. ನಮ್ಮ ಬೈಂಡರು, ನಿಮಗೆಲ್ಲ ಗೊತ್ತಿರುವ ಗೋಂದಣ್ಣ, ಇದ್ದಕ್ಕಿದ್ದ ಹಾಗೆ ಅಂಟು ಒಣಗಿಹೋಗುತ್ತೆ ಅಂತ ಎದ್ದು ಹೋದರು. ಕ್ಯಾಟಲಾಗಿನವರು ಕೆಮ್ಮಿದರು. ಅಕ್ಕ ಸ್ಲೇಟು ಎತ್ತಿದರು. ಅದರ ಮೇಲೆ ‘ನಾನು’ ಅಂತಷ್ಟೇ ಇತ್ತು.

ಹಾಗಂತ ಅವರಿಗೇನು ಗೊತ್ತಿತ್ತು ಅಂದುಕೊಂಡಿರಿ? ಏನೂ ಇಲ್ಲ. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಮಗಳು ಹೊಸದೊಂದು ಕೊಡಿಸಿ, ಕಲಿಸಲು ಕೂತಳು. ಮಗಳೇ, ನಿನ್ನನ್ನು ಬೈಯುತ್ತಿಲ್ಲ, ನನ್ನ ಮನೆಯಲ್ಲಿರುವವೂ ಹಾಗೇ. ನಮ್ಮ ಮಕ್ಕಳಿಗೆ ನಾವು ಅಕ್ಷರ ಕಲಿಸುವಾಗ ಒಂದೊಂದು ಅಕ್ಷರಕ್ಕೂ ಕೈ ಹಿಡಿದು ತಿದ್ದಿಸಿದೆವು. ಅವರು ನಮಗೆ ಕಲಿಸುವಾಗ? ‘ಅಯ್ಯೋ ಹಾಗಲ್ಲಮ್ಮ, ಕೊಡಿಲ್ಲಿ, ನಾನೇ ಮಾಡ್ತೀನಿ.’ ಫೋನು ಅವರ ಕೈಗೆ ಹೋಗುತ್ತೆ, ಕೆಲಸ ಮುಗಿಯುತ್ತೆ, ನಾವು ಕಲಿತದ್ದು ಸೊನ್ನೆ. ಒಂದು ದಿನ ಅಕ್ಕ ಫೋನನ್ನು ಎದೆಗೆ ಅವಚಿಕೊಂಡು ಸ್ಲೇಟಿನಲ್ಲಿ ಬರೆದರಂತೆ: ‘ನೀನು ಬಾಯಲ್ಲಿ ಹೇಳು. ಮುಟ್ಟಬೇಡ.’ ಅವತ್ತಿನಿಂದ ಮಗಳು ಬಾಯಲ್ಲಿ ಹೇಳಿದಳು, ಅಕ್ಕ ಬೆರಳಲ್ಲಿ ಮಾಡಿದರು. ತಪ್ಪಿತು, ಅಳಿಸಿದರು, ಮತ್ತೆ ತಪ್ಪಿತು. ಒತ್ತಕ್ಷರ ಎಲ್ಲಿ ಅಡಗಿದೆ ಅಂತ ಹುಡುಕುತ್ತ ಊಟ ತಣ್ಣಗಾಗಿಸಿಕೊಂಡರು. ಆದರೂ ಕಲಿತರು.

ಖಾತೆ ತೆರೆದರು. ಇನ್ನು ಮುಂದಿನದು — ಮಗಳು ಈಗಲೇ ತಲೆ ತಗ್ಗಿಸಿಕೊಂಡು ನಗುತ್ತಿದ್ದಾಳೆ.

ಆ ಖಾತೆ ಹೇಗೋ ಬಾಗಿಲು ಹಾಕಿದ ಖಾತೆಯಾಗಿತ್ತು. ಅಂದರೆ, ಫಾಲೋ ಮಾಡಬೇಕು ಅಂದವರು ಮೊದಲು ಕೋರಿಕೆ ಕಳಿಸಬೇಕು, ನಾವು ಒಪ್ಪಿದರೆ ಒಳಗೆ. ಮೊದಲ ದಿನವೇ ಸಾಕಷ್ಟು ಕೋರಿಕೆ ಬಂತು. ಬೇರೆ ಯಾರಾದರೂ ಆಗಿದ್ದರೆ ಒಪ್ಪಿಗೆ ಅಂತ ಒತ್ತಿ ಟೀ ಕುಡಿಯಲು ಹೋಗುತ್ತಿದ್ದರು. ನಮ್ಮ ಅಕ್ಕ ಇಷ್ಟು ವರ್ಷ ಸದಸ್ಯತ್ವ ಕೌಂಟರಿನಲ್ಲಿ ಕೂತವರು. ಗುರುತು ಪರಿಚಯ ಇಲ್ಲದವರು ಬಾಗಿಲು ತಟ್ಟಿದರೆ ಸುಮ್ಮನೆ ಒಳಗೆ ಬಿಟ್ಟುಕೊಳ್ಳುತ್ತಾರೆಯೇ? ಒಬ್ಬೊಬ್ಬರಿಗೂ ಕೂತು ಸಂದೇಶ ಕಳಿಸಿದರು. ನನಗೆ ಅದು ಬಾಯಿಪಾಠವಾಗಿದೆ. ‘ತಮ್ಮ ಕೋರಿಕೆ ತಲುಪಿದೆ. ಅದನ್ನು ಪರಿಶೀಲಿಸುವ ಸಲುವಾಗಿ ತಾವು ವಿಳಾಸದ ಪುರಾವೆ, ಒಬ್ಬ ಜಾಮೀನುದಾರರ ಸಹಿ ಹಾಗೂ ಇತ್ತೀಚಿನ ಎರಡು ಭಾವಚಿತ್ರಗಳೊಂದಿಗೆ ಕಚೇರಿ ವೇಳೆಯಲ್ಲಿ ಖುದ್ದಾಗಿ ಹಾಜರಾಗುವುದು. ಭಾವಚಿತ್ರದಲ್ಲಿ ಎರಡೂ ಕಿವಿಗಳು ಕಾಣುವಂತಿರತಕ್ಕದ್ದು.’

ನಗಿ, ನಗಿ. ಇವತ್ತು ನಗಬಹುದು. ಅವತ್ತು ನಮಗೆ ನಗು ಬರಲಿಲ್ಲ. ಯಾರೋ ಆ ಸಂದೇಶದ ಚಿತ್ರ ತೆಗೆದು ಜಾಲತಾಣದಲ್ಲಿ ಹಂಚಿದರು, ಅದು ಒಬ್ಬರಿಂದ ಒಬ್ಬರಿಗೆ ಹೋಯಿತು. ‘ಫಾಲೋ ಮಾಡೋಕೂ ಜಾಮೀನು ಬೇಕಂತೆ’, ‘ಕಿವಿ ತೋರಿಸಿ ಕಣ್ರಪ್ಪಾ’ — ಹೀಗೆ ಏನೇನೋ. ಮೇಲಿನ ಕಚೇರಿಯಿಂದ ಸಾಹೇಬರಿಗೆ ಫೋನು. ಸಂಜೆ ಮಗಳು ಮನೆಯಲ್ಲಿ ಅದನ್ನು ನೋಡಿ, ‘ಅಮ್ಮಾ, ಫಾಲೋ ಮಾಡೋಕೆ ಯಾರೂ ಅರ್ಜಿ ಕೇಳಲ್ಲಮ್ಮ’ ಅಂದಳು. ಮರುದಿನ ಅಕ್ಕ ಟೀಗೆ ಹೊರಗೆ ಬರಲಿಲ್ಲ. ನಾನು ಲೋಟ ತೆಗೆದುಕೊಂಡು ಹೋದರೆ ತಡಿಕೆಯ ಕಡೆ ಮುಖ ಮಾಡಿ ಕೂತಿದ್ದರು. ಸ್ಲೇಟಿನಲ್ಲಿ ‘ಹಿಂದಿನ ಕೋಣೆಗೇ ಹೋಗ್ತೀನಿ ಬಿಡು’ ಅಂತ ಬರೆದಿತ್ತು. ನಾನು ಅದನ್ನು ಒರೆಸಿ ‘ಟೀ ಆರುತ್ತೆ’ ಅಂತ ಬರೆದಿಟ್ಟು ಬಂದೆ.

ವಾರದ ರಜೆ ಕಳೆದು ಗ್ರಂಥಾಲಯದ ಬಾಗಿಲು ತೆರೆದ ಬೆಳಗ್ಗೆ — ಮೆಟ್ಟಿಲ ಮೇಲೆ ಜನ. ಕೆಲವರು ತಮಾಷೆ ನೋಡಲು ಬಂದ ಕಾಲೇಜು ಹುಡುಗಿಯರು, ನಿಜ. ಆದರೆ ಎಲ್ಲರೂ ಅಲ್ಲ. ಬೇಕರಿಯವರು ಕರೆಂಟು ಬಿಲ್ಲು ಹಿಡಿದು ನಿಂತಿದ್ದರು. ಒಬ್ಬ ನರ್ಸು ಪಾಳಿ ಮುಗಿಸಿ ನೇರ ಬಂದಿದ್ದರು. ಎಲ್ಲರ ಕೈಯಲ್ಲೂ ಫೋಟೋ, ಎಲ್ಲ ಫೋಟೋದಲ್ಲೂ ಕೂದಲು ಹಿಂದೆ ಸರಿಸಿ ಕಿವಿ. ಆ ಸಾಲಿನಲ್ಲಿ ಬಟ್ಟೆ ಹೊಲಿಯುವ ಒಬ್ಬ ಅಮ್ಮ ಇದ್ದರು. ಇವತ್ತೂ ಬಂದಿದ್ದಾರೆ, ಅಗೋ, ಕಂಬದ ಪಕ್ಕ. ಅವರನ್ನು ನಾನೇ ಕೇಳಿದೆ, ‘ಅದು ತಪ್ಪಿ ಹೋದ ಮೆಸೇಜು ಕಣಮ್ಮ, ನೀವು ಯಾಕೆ ಬಂದ್ರಿ?’ ಅಂತ. ಅವರು ಹೇಳಿದರು, ‘ಈ ಫೋನಿನಲ್ಲಿ ದಿನಾ ಎಷ್ಟೋ ಜನ ಬರ್ತಾರೆ, ಹೋಗ್ತಾರೆ. ನೀವು ಯಾರು, ಎಲ್ಲಿರ್ತೀರಿ, ಬನ್ನಿ ಅಂತ ಯಾರೂ ಕೇಳಿರಲಿಲ್ಲ. ನೀವು ಕೇಳಿದ್ರಿ. ಅದಕ್ಕೆ ಬಂದೆ.’

ಅಕ್ಕ ಆ ಮಾತು ಕೇಳಿಸಿಕೊಂಡರು. ಎದ್ದು ನಿಂತರು. ಸ್ಕಾರ್ಫ್ ಸರಿ ಮಾಡಿಕೊಂಡು, ಅರ್ಜಿ ನಮೂನೆಗಳ ಕಟ್ಟು ಬಿಚ್ಚಿದರು. ಆ ದಿನ ನಮೂನೆ ಮುಗಿದುಹೋಗಿ ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಬೇಕಾಯಿತು. ಅಷ್ಟಾದರೂ ಸುಮ್ಮನಿದ್ದರೇ? ಬೇಕರಿಯವರ ಫೋಟೋದಲ್ಲಿ ಎಡಗಿವಿ ಮಸುಕು ಅಂತ ವಾಪಸ್ ಕಳಿಸಿದರು. ಅವರು ಮರುದಿನ ಹೊಸ ಫೋಟೋ ತಂದರು.

ಖಾತೆಯ ಬಾಗಿಲು ತೆರೆದಿಡುವುದನ್ನು ಮಗಳು ಹೇಳಿಕೊಟ್ಟಳು, ಬಾಯಲ್ಲೇ. ಆಮೇಲೆ ಸಂದೇಶಗಳು ಶುರುವಾದವು. ಈ ಪುಸ್ತಕ ಇದೆಯಾ, ಆ ಪುಸ್ತಕ ಬಂತಾ, ನನ್ನ ಮಗ ಗಣಿತಕ್ಕೆ ಹೆದರುತ್ತಾನೆ ಏನು ಓದಿಸಲಿ, ನಮ್ಮ ತಾಯಿಗೆ ದೊಡ್ಡ ಅಕ್ಷರದ ಪುಸ್ತಕ ಬೇಕು. ಅಕ್ಕ ಪ್ರಶ್ನೆಗೆ ಪ್ರಶ್ನೆ ಕೇಳುತ್ತಿದ್ದರು. ‘ತಾಯಿಗೆ ಯಾವ ಕಣ್ಣು ಮಂಜು?’ ‘ಹಗಲು ಓದ್ತಾರಾ, ದೀಪದಲ್ಲಾ?’ ನನಗೆ ತಡಿಕೆಯ ಈಚೆಯಿಂದ ಕಾಣುತ್ತಿತ್ತು — ಎರಡು ಹೆಬ್ಬೆರಳು ಓಡುತ್ತಿವೆ, ಮುಖದಲ್ಲಿ ಹಳೆಯ ಜಗಳಗಂಟಿ ಕಳೆ ವಾಪಸ್ ಬಂದಿದೆ. ಅಕ್ಕ ಮತ್ತೆ ಮಾತಾಡುತ್ತಿದ್ದರು. ಜನ ಅವರಿಗೆ ವಾಪಸ್ ಸಿಕ್ಕಿದ್ದರು.

ಹಾರ್ಡ್‌ವೇರ್ ಅಂಗಡಿಯವರ ಕಥೆ ಹೇಳಲೇಬೇಕು. ಅವರಿಗೆ ಬರೆಯುವುದಕ್ಕೆ ತಾಳ್ಮೆ ಇಲ್ಲ. ‘ಟೈಪ್ ಮಾಡಿ ಮಾಡಿ ಸಾಕಾಯ್ತು. ನಂಬರ್ ಕೊಡಿ, ಒಂದು ನಿಮಿಷ ಮಾತಾಡಿ ಮುಗಿಸ್ತೀನಿ’ ಅಂತ ಒಂದೇ ಸಮನೆ ಕಳಿಸಿದರು. ಅಕ್ಕನ ಉತ್ತರ: ‘ಈ ಕೌಂಟರಿನಲ್ಲಿ ಬರೆದೇ ಮಾತು.’ ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅಂಗಡಿ ಬಿಟ್ಟು ನೇರ ಇಲ್ಲಿಗೆ ಬಂದು, ಕೌಂಟರಿನ ಮೇಲೆ ಕೈ ಬಡಿದು, ‘ಏನ್ರೀ, ಮಾತಾಡೋಕೂ ನಿಮಗೆ ಸೋಮಾರಿತನವಾ?’ ಅಂದರು. ಅಕ್ಕ ಸ್ಕಾರ್ಫನ್ನು ಸ್ವಲ್ಪ — ಇಷ್ಟು — ಕೆಳಗೆ ಸರಿಸಿದರು, ಅಷ್ಟೇ.

ಅವರು ಕೌಂಟರಿನ ಮೇಲಿಂದ ಕೈ ತೆಗೆದರು. ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಅಕ್ಕನ ಎದುರಿಗೆ ಕೂತು, ಜೇಬಿನಿಂದ ಫೋನು ತೆಗೆದರು. ಒಂದು ಬೆರಳಲ್ಲಿ, ನಿಧಾನವಾಗಿ, ತುಟಿ ಕಚ್ಚಿಕೊಂಡು ಬರೆದರು. ಅಕ್ಕನ ಫೋನು ಸದ್ದು ಮಾಡಿತು. ‘ತಪ್ಪಾಯ್ತು ತಾಯಿ. ಜೇನು ಸಾಕೋದರ ಬಗ್ಗೆ ಪುಸ್ತಕ ಇದೆಯಾ?’ ಅಕ್ಕ ಬರೆದರು, ‘ಇದೆ. ಅರ್ಜಿ ಎಲ್ಲಿ?’

ಎದುರುಬದುರು ಕೂತು ಇಬ್ಬರೂ ಬರೆದುಕೊಂಡೇ ಮಾತಾಡಿದರು. ಅದನ್ನು ನೋಡಿದವರು ತಾವೂ ಹಾಗೇ ಮಾಡಿದರು. ಸ್ವಲ್ಪ ದಿನಕ್ಕೆ ಅದೇ ಆ ಕೌಂಟರಿನ ರೂಢಿಯಾಯಿತು. ಸಾಲಿನಲ್ಲಿ ನಿಂತವರು ತಮ್ಮ ಸರದಿ ಬಂದಾಗ ಫೋನು ತೆಗೆಯುತ್ತಿದ್ದರು. ಬಾಯಿ ಇದ್ದವರೂ ಬರೆದರು, ಅಕ್ಕನ ಸಮಕ್ಕೆ ಕೂತು. ಯಾರೂ ಹೇಳಿಕೊಟ್ಟದ್ದಲ್ಲ. ನಮ್ಮ ಓದುಗರ ಬಗ್ಗೆ ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ನಿಮ್ಮ ಎದುರಿಗೆ ಹೇಳುತ್ತಿದ್ದೇನೆ, ಇದನ್ನೇ ನೆಪ ಮಾಡಿಕೊಂಡು ಪೇಪರಿನಲ್ಲಿ ಪದಬಂಧ ತುಂಬಬೇಡಿ.

ತಪಾಸಣೆಯ ದಿನ ಬಂತು. ಬಂದ ಅಧಿಕಾರಿ ಅಂಕಿಅಂಶ ನೋಡಿದರು, ಸಾಲು ನೋಡಿದರು, ಕೌಂಟರಿನಲ್ಲಿ ಸದ್ದೇ ಇಲ್ಲದೆ ಕೆಲಸ ಸಾಗುತ್ತಿರುವುದನ್ನೂ ನೋಡಿದರು. ‘ಇಲ್ಲಿ ಉತ್ತರ ಕೊಡೋರು ಯಾರು?’ ಅಂದರು. ಸಾಹೇಬರು ಅಕ್ಕನ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ‘ಇವರು. ಇದು ಇವರ ಜಾಗ’ ಅಂದರು. ಸಾಹೇಬರೇ, ನೀವು ಇಷ್ಟು ವರ್ಷ ಸಭೆಗಳಲ್ಲಿ ಮಾಡಿದ ಭಾಷಣ ನಮಗೊಂದೂ ನೆನಪಿಲ್ಲ. ಇದು ನೆನಪಿದೆ.

ಆ ಕುರ್ಚಿಯಲ್ಲಿ ಅಕ್ಕ ಕೊನೆಯ ರಜೆ ಹಾಕುವವರೆಗೂ ಕೂತರು.

ಕಾಯಿಲೆ ಮತ್ತೆ ಬಂದಾಗ ಅಕ್ಕ ನಮಗೆ ಹೇಳಿದ್ದು ತಡವಾಗಿ. ಆದರೆ ಒಂದು ಬದಲಾವಣೆ ಕಂಡಿತ್ತು. ಇದ್ದಕ್ಕಿದ್ದ ಹಾಗೆ ನಮಗೆಲ್ಲ ಕಲಿಸಲು ಶುರು ಮಾಡಿದರು. ಸಂಜೆ ಓದುಗರು ಹೋದ ಮೇಲೆ ಒಬ್ಬೊಬ್ಬರನ್ನೇ ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಹಿಂದೆ ನಿಲ್ಲುತ್ತಿದ್ದರು. ಎರಡೂ ಕೈ ಹಿಂದೆ ಕಟ್ಟಿಕೊಂಡು — ಹೀಗೆ. ಎಷ್ಟು ತಪ್ಪು ಮಾಡಿದರೂ ಆ ಕೈ ಮುಂದೆ ಬರುತ್ತಿರಲಿಲ್ಲ. ಬಾಯಿಲ್ಲ, ಕೈ ಕಟ್ಟಿದ್ದಾರೆ, ಇನ್ನು ಕಲಿಸುವುದು ಹೇಗೆ? ನಾವೇ ತಡಕಾಡಬೇಕು. ಸರಿ ಹೋದರೆ ಹಿಂದಿನಿಂದ ಒಂದು ಸಣ್ಣ ಗುದ್ದು, ತಪ್ಪಿದರೆ ನಿಟ್ಟುಸಿರು. ಗೋಂದಣ್ಣ ಫೋನನ್ನು ಈಗಷ್ಟೇ ಅಂಟು ಹಚ್ಚಿದ ರಟ್ಟಿನ ಹಾಗೆ ಅಂಚಿನಲ್ಲಿ ಹಿಡಿಯುತ್ತಿದ್ದರು. ಅವರಿಗೆ ಒಂದು ಫೋಟೋ ಹಾಕುವುದನ್ನು ಕಲಿಸಲು ಅಕ್ಕ ಎಷ್ಟು ನಿಟ್ಟುಸಿರು ಬಿಟ್ಟರೋ ದೇವರಿಗೇ ಗೊತ್ತು. ಕೊನೆಗೆ ಅವರು ಹರಿದ ಪುಸ್ತಕ ಹೊಲಿಯುವ ವಿಡಿಯೋ ಹಾಕಿದರು. ಅದನ್ನು ನೋಡಿ ಜನ ಮನೆಯಿಂದ ಅಜ್ಜನ ಕಾಲದ ಪುಸ್ತಕಗಳನ್ನು ತಂದು ಸಾಲು ಹಚ್ಚಿದರು. ಈಗ ಗೋಂದಣ್ಣನಿಗೆ ನಮ್ಮನ್ನು ಮಾತಾಡಿಸಲು ಪುರುಸೊತ್ತಿಲ್ಲ.

ಅಕ್ಕ ಆಸ್ಪತ್ರೆ ಸೇರಿದ ಮೇಲೆ ಕೌಂಟರಿನ ಸಂದೇಶಗಳು ನನ್ನ ಪಾಲಿಗೆ ಬಂದವು. ಮೊದಲ ದಿನವೇ ಸಿಕ್ಕಿಹಾಕಿಕೊಂಡೆ. ಯಾರೋ ಏನೋ ಕೇಳಿದ್ದಾರೆ, ನನಗೆ ತಲೆಬುಡ ಗೊತ್ತಿಲ್ಲ. ಅಕ್ಕನಿಗೆ ಬರೆದೆ, ‘ಅಕ್ಕ, ಇದಕ್ಕೆ ಏನು ಹೇಳಲಿ?’ ಪರದೆಯ ಮೇಲೆ ‘ಬರೆಯುತ್ತಿದ್ದಾರೆ’ ಅಂತ ಬಂತು. ನಿಂತಿತು. ಮತ್ತೆ ‘ಬರೆಯುತ್ತಿದ್ದಾರೆ’ ಅಂತ ಬಂತು. ಮತ್ತೆ ನಿಂತಿತು. ಏನೂ ಬರಲಿಲ್ಲ. ನನಗೆ ಗಾಬರಿ. ಅಕ್ಕನ ಹಾಸಿಗೆ ಪಕ್ಕದಲ್ಲಿದ್ದ ಮಗಳಿಗೆ ಫೋನು ಮಾಡಿದೆ. ಅವಳು ಪಿಸುಮಾತಿನಲ್ಲಿ ಹೇಳಿದಳು, ‘ಏನಿಲ್ಲ ಚಿಕ್ಕಮ್ಮ, ಅಮ್ಮ ಚೆನ್ನಾಗೇ ಇದ್ದಾರೆ. ಉತ್ತರ ಬರೀತಾರೆ, ಆಮೇಲೆ ಅಳಿಸ್ತಾರೆ. ಈಗ ಫೋನನ್ನ ದಿಂಬಿನ ಕೆಳಗಿಟ್ಟು ಅದರ ಮೇಲೆ ಮಲಗಿಬಿಟ್ಟಿದ್ದಾರೆ.’

ಅರ್ಥವಾಯಿತಲ್ಲ? ನಾನೇ ಹುಡುಕಲಿ ಅಂತ. ಹುಡುಕಿದೆ. ಕಪಾಟಿನಿಂದ ಕಪಾಟಿಗೆ ಅಲೆದೆ, ಕ್ಯಾಟಲಾಗಿನವರ ತಲೆ ತಿಂದೆ, ಕೊನೆಗೆ ಉತ್ತರ ಕಳಿಸಿದೆ. ಅಕ್ಕ ಅದನ್ನು ನೋಡಿದರು. ಒಂದು ಹೆಬ್ಬೆರಳಿನ ಚಿತ್ರ ಬಂತು. ನನಗೆ ಈ ನೌಕರಿಯಲ್ಲಿ ಬಡ್ತಿ ಸಿಕ್ಕಿದೆ, ಪ್ರಶಸ್ತಿಯೂ ಒಂದು ಸಿಕ್ಕಿದೆ. ಆ ಹೆಬ್ಬೆರಳಿನ ಮುಂದೆ ಅವೆಲ್ಲ ಏನೂ ಅಲ್ಲ. ಆಮೇಲೆ ನಾನು ಕೇಳುವುದನ್ನು ಕಡಿಮೆ ಮಾಡಿದೆ, ಒಂದು ದಿನ ಕೇಳುವುದೇ ನಿಂತುಹೋಯಿತು. ಅಕ್ಕ ಕಾಯುತ್ತಿದ್ದದ್ದು ಅದಕ್ಕೇ ಇರಬೇಕು.

ಅಕ್ಕ ತೀರಿಕೊಂಡ ಸುದ್ದಿಯನ್ನು ಖಾತೆಯಲ್ಲಿ ಬರೆದವರು ಗೋಂದಣ್ಣ. ಯಾರ ಸಹಾಯವನ್ನೂ ಕೇಳಲಿಲ್ಲ. ಅದರ ಕೆಳಗೆ ಜನ ಬರೆಯುತ್ತಲೇ ಇದ್ದಾರೆ. ಅವರಲ್ಲಿ ಎಷ್ಟೋ ಜನ ಈ ಕಟ್ಟಡವನ್ನು ನೋಡಿದವರಲ್ಲ. ಹಾಸಿಗೆ ಹಿಡಿದವರಿದ್ದಾರೆ, ದೂರದ ಊರಿನವರಿದ್ದಾರೆ, ಕೈಗೂಸು ಬಿಟ್ಟು ಬರಲಾಗದ ತಾಯಂದಿರಿದ್ದಾರೆ. ತಮಗೆ ಅಷ್ಟು ಜೋರಾಗಿ ಉತ್ತರ ಕೊಡುತ್ತಿದ್ದವರಿಗೆ ಮಾತು ಬರುತ್ತಿರಲಿಲ್ಲ ಅಂತ ಅವರಿಗೆ ಈಗಷ್ಟೇ ತಿಳಿದಿದೆ. ಒಬ್ಬರು ಬರೆದಿದ್ದಾರೆ, ‘ನಾನು ಅವರ ದನಿಯನ್ನ ಒಂದು ಸಲವಾದ್ರೂ ಕೇಳಬೇಕಿತ್ತು’ ಅಂತ. ಅವರಿಗೆ ನಾನೇ ಉತ್ತರ ಕೊಟ್ಟೆ: ‘ನೀವು ಕೇಳಿದ್ದೀರಿ. ಅದೇ ಅವರ ದನಿ.’

ಭಾವ, ಮಗಳೇ — ನಿಮಗೆ ಸಮಾಧಾನ ಹೇಳುವ ಶಕ್ತಿ ನನಗಿಲ್ಲ. ಒಂದು ಮಾತು ಮಾತ್ರ ಕೊಡುತ್ತೇನೆ. ಆ ಕೌಂಟರಿಗೆ ಬಂದ ಯಾವ ಪ್ರಶ್ನೆಯೂ ಉತ್ತರವಿಲ್ಲದೆ ಬಿದ್ದಿರುವುದಿಲ್ಲ. ನಮ್ಮಲ್ಲಿ ಈಗ ಎಲ್ಲರಿಗೂ ಅದು ಗೊತ್ತು, ಸಾಹೇಬರನ್ನೂ ಸೇರಿಸಿ. ಸಾಹೇಬರು ಇನ್ನೂ ಸ್ವಲ್ಪ ಅಭ್ಯಾಸ ಮಾಡಬೇಕು.

ಇನ್ನು ನಾವೆಲ್ಲ ಎದ್ದು ನಿಂತು ಅಕ್ಕನಿಗೆ ಗೌರವ ಸಲ್ಲಿಸುವ ಹೊತ್ತು. ಅದಕ್ಕೆ ಮುಂಚೆ, ಇಲ್ಲಿಗೆ ಬರಲಾಗದೆ ಈ ಸಭೆಯನ್ನು ಲೈವಿನಲ್ಲಿ ನೋಡುತ್ತಿರುವ ಬಂಧುಗಳಿಗೆ ಒಂದು ಬಿನ್ನಹ. ಗೋಂದಣ್ಣನ ಕೈಯಲ್ಲಿರುವ ಫೋನಿನಲ್ಲಿ ನಿಮ್ಮ ಸಂದೇಶಗಳು ಒಂದರ ಮೇಲೊಂದು 
ಬರುತ್ತಿರುವುದು ನನಗೆ ಇಲ್ಲಿಂದ ಕಾಣುತ್ತಿದೆ. ನಿಮ್ಮ ಮನೆಗಳಲ್ಲಿ ನೀವು ಮಾತಾಡಿದರೂ ಇಲ್ಲಿಗೆ ಕೇಳಿಸುವುದಿಲ್ಲ. ಎದ್ದು ನಿಲ್ಲಲು ಆಗದವರು ಮಲಗಿದ್ದಲ್ಲೇ ಇರಿ, ಪರವಾಗಿಲ್ಲ. ನಮ್ಮ ಅಕ್ಕನಿಗೆ ಬರೆಯುವುದೇ ಮಾತಾಗಿತ್ತು. ಆದ್ದರಿಂದ ಈ ಒಂದು ನಿಮಿಷ ನೀವು ಏನನ್ನೂ ಬರೆಯಬೇಡಿ. ನಮಸ್ಕಾರ ಅಂತಲೂ ಬೇಡ, ಹೂವಿನ ಚಿತ್ರವೂ ಬೇಡ. ಬೆರಳು ಸುಮ್ಮನಿರಲಿ.

ನಿಮಿಷ ಮುಗಿದ ಮೇಲೆ ಕೇಳಬೇಕಾದ್ದನ್ನು ಕೇಳಿ. ನಾವು ಇಲ್ಲೇ ಇರುತ್ತೇವೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ.